ಸುರುಳಿ, ಪುಟ, ಕಡತ: ಗಣಕಯಂತ್ರದ ಪಠ್ಯಕ್ಕೆ ನಾವಿಟ್ಟ ಹೆಸರುಗಳು

1. ಪೀಠಿಕೆ

ಫೋನಿನ ಪರದೆಯ ಮೇಲೆ ಸತ್ಯವೇದವನ್ನು ಓದುವುದು ಇಂದು ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿದೆ. ಹೀಗೆ ಓದುವವರು ಪರದೆಯನ್ನು ‘ಸ್ಕ್ರೋಲ್’ ಮಾಡುತ್ತಾರೆ, ‘ಪುಟ’ವನ್ನು ತೆರೆಯುತ್ತಾರೆ, ಪ್ರಸಂಗದ ಟಿಪ್ಪಣಿಯನ್ನು ‘ಫೈಲ್’ ಆಗಿ ಉಳಿಸುತ್ತಾರೆ, ಆ ಫೈಲನ್ನು ‘ಕ್ಲೌಡ್’ನಲ್ಲಿ ಇಡುತ್ತಾರೆ. ಆದರೆ ಆ ಉಪಕರಣದೊಳಗೆ ಸುರುಳಿಯಿಲ್ಲ, ಪುಟವಿಲ್ಲ, ಕಾಗದದ ಕಟ್ಟಿಲ್ಲ. ಮೋಡವಂತೂ ಇಲ್ಲವೇ ಇಲ್ಲ. ಇರುವುದು ಅಂಕೆಗಳು ಮತ್ತು ಆ ಅಂಕೆಗಳ ಮೇಲೆ ನಡೆಯುವ ಕೆಲಸ. ಕಣ್ಣಿಗೆ ಕಾಣದ ಈ ಕೆಲಸವನ್ನು ಗ್ರಹಿಸಲು ನಾವು ಹಳೆಯ ಬರವಣಿಗೆಯ ಸಾಮಗ್ರಿಗಳಿಂದ ಹೆಸರುಗಳನ್ನು ಕಡ ತಂದಿದ್ದೇವೆ. ಅಂದರೆ ಇವೆಲ್ಲವೂ ರೂಪಕಗಳು.

ರೂಪಕಗಳ ವಿಷಯವು ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಪವಿತ್ರ ಶಾಸ್ತ್ರವು ರೂಪಕಗಳನ್ನು ಬಳಸುವುದು ಯುಕ್ತವೇ ಎಂಬ ಪ್ರಶ್ನೆಯನ್ನು ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೊಲೊಜಿಯೆ’ಯ ಮೊದಲ ಪ್ರಶ್ನೆಯಲ್ಲೇ ಎತ್ತಿಕೊಂಡರು. ಮನುಷ್ಯನ ಅರಿವು ಇಂದ್ರಿಯಗಳಿಂದ ಆರಂಭವಾಗುವುದರಿಂದ ಯುಕ್ತವೇ ಎಂದು ಅವರು ಉತ್ತರಿಸಿದರು. ಅಲ್ಲಿಯೇ ಅವರು ಇನ್ನೊಂದು ಸೂಕ್ಷ್ಮವಾದ ಮಾತನ್ನೂ ಹೇಳುತ್ತಾರೆ: ದೇವರನ್ನು ಕುರಿತು ಮಾತನಾಡುವಾಗ ಘನವಾದ ವಸ್ತುಗಳಿಗಿಂತ ಕೀಳೆನಿಸುವ ವಸ್ತುಗಳ ರೂಪಕವೇ ಲೇಸು, ಏಕೆಂದರೆ ದೇವರು ನಿಜವಾಗಿಯೂ ಬಂಡೆ ಅಥವಾ ಸಿಂಹ ಎಂದು ಯಾರೂ ಭ್ರಮಿಸುವುದಿಲ್ಲ. ಇದರಿಂದ ನಾವು ಕಲಿಯಬಹುದಾದದ್ದು ಇಷ್ಟು. ರೂಪಕವು ರೂಪಕವಾಗಿ ಕಾಣುತ್ತಿರುವ ತನಕ ಅದು ನಮ್ಮ ಸೇವಕ. ರೂಪಕವೆಂಬುದನ್ನು ನಾವು ಮರೆತ ದಿನ ಅದು ನಮ್ಮ ಯಜಮಾನನಾಗುತ್ತದೆ. ‘ಪುಟ’, ‘ಕಡತ’, ‘ಮೋಡ’ ಎಂಬ ಮಾತುಗಳನ್ನು ನಾವು ಈಗಾಗಲೇ ರೂಪಕಗಳೆಂದು ಎಣಿಸುತ್ತಿಲ್ಲ. ಆದುದರಿಂದ ಅವುಗಳ ಚರಿತ್ರೆಯನ್ನು ನೋಡುವುದು ಅಗತ್ಯವಾಗಿದೆ. ಈ ಚರಿತ್ರೆಯಲ್ಲಿ ಕ್ರೈಸ್ತ ಸಭೆ ಬರಿಯ ಪ್ರೇಕ್ಷಕನಾಗಿರಲಿಲ್ಲ; ಹಲವು ತಿರುವುಗಳಲ್ಲಿ ಅದೇ ಮುಂದಾಳಾಗಿತ್ತು.

2. ಸುರುಳಿಯಿಂದ ಕೋಡೆಕ್ಸ್‌ಗೆ

ನಜರೇತಿನ ಸಭಾಮಂದಿರದಲ್ಲಿ ಯೇಸುವಿನ ಕೈಗೆ ಪ್ರವಾದಿಯಾದ ಯೆಶಾಯನ ಸುರುಳಿಯನ್ನು ಕೊಟ್ಟರೆಂದೂ, ಆತನು ಅದನ್ನು ಬಿಚ್ಚಿ ತನಗೆ ಬೇಕಾದ ಸ್ಥಳವನ್ನು ಕಂಡುಕೊಂಡನೆಂದೂ, ಓದಿದ ಮೇಲೆ ಸುತ್ತಿ ಸೇವಕನಿಗೆ ಹಿಂದಿರುಗಿಸಿದನೆಂದೂ ಲೂಕನು ಬರೆದಿದ್ದಾನೆ (ಲೂಕ 4:17-20). ಕುಮ್ರಾನಿನ ಗವಿಯಲ್ಲಿ ದೊರೆತ ಯೆಶಾಯನ ದೊಡ್ಡ ಸುರುಳಿ 7 ಮೀಟರಿಗಿಂತಲೂ ಉದ್ದವಾಗಿದ್ದು 54 ಅಂಕಣಗಳನ್ನು ಹೊಂದಿದೆ. ಅಧ್ಯಾಯ ಮತ್ತು ವಚನಗಳ ಸಂಖ್ಯೆ ಆಗ ಇರಲಿಲ್ಲ. ನಾವು ಇಂದು ಯೆಶಾಯ 61 ಎಂದು ಕರೆಯುವ ಭಾಗವು ಅಂಥ ಸುರುಳಿಯ ಕೊನೆಯ ಹತ್ತಿರ ಬರುತ್ತದೆ. ಆ ಸ್ಥಳವನ್ನು ಕಂಡುಕೊಳ್ಳುವವನಿಗೆ ಇಡೀ ಗ್ರಂಥದ ಹರವು ಮನಸ್ಸಿನಲ್ಲಿ ಇರಬೇಕಾಗಿತ್ತು. ಹುಡುಕುವುದು ಮತ್ತು ಅರಿತಿರುವುದು ಅಲ್ಲಿ ಬೇರೆ ಬೇರೆಯಾಗಿರಲಿಲ್ಲ.

ಯೆಹೂದ್ಯರ ಸಭಾಮಂದಿರಗಳು ತೋರಾದ ಸುರುಳಿಯನ್ನು ಇಂದಿಗೂ ಗೌರವದಿಂದ ಕಾಪಾಡಿಕೊಂಡು ಬಂದಿವೆ. ಕ್ರೈಸ್ತರಾದರೋ ಬಹು ಬೇಗನೆ ಕೋಡೆಕ್ಸ್ ಎಂಬ ರೂಪವನ್ನು, ಎಂದರೆ ಹಾಳೆಗಳನ್ನು ಮಡಚಿ ಹೊಲಿದ ಪುಸ್ತಕವನ್ನು ಆರಿಸಿಕೊಂಡರು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಮೂಲತಃ ಮರದ ಕಾಂಡ ಎಂಬ ಅರ್ಥವಿತ್ತು. ಮರದ ಹಲಗೆಗಳನ್ನು ಜೋಡಿಸಿ ಮಾಡಿದ ಬರೆಯುವ ಪಾಟಿಗೆ ಆ ಹೆಸರು ಬಂತು. ಲೆಕ್ಕ ಬರೆಯುವವರೂ ವಿದ್ಯಾರ್ಥಿಗಳೂ ಬಳಸುತ್ತಿದ್ದ ಅಗ್ಗದ ಸಾಧನವದು. ಪೌಲನು ತಿಮೊಥೆಗೆ ಬರೆಯುತ್ತಾ ಪುಸ್ತಕಗಳನ್ನೂ ಮುಖ್ಯವಾಗಿ ಚರ್ಮದ ಹಾಳೆಗಳನ್ನೂ ತರಬೇಕೆಂದು ಕೇಳಿಕೊಳ್ಳುವಲ್ಲಿ ಅಂಥ ಬರೆಯುವ ಪುಸ್ತಕಗಳ ಸೂಚನೆಯಿರಬಹುದು (2 ತಿಮೊಥೆ 4:13). ಗ್ರೀಕ್ ಮತ್ತು ರೋಮನ್ ಸಾಹಿತ್ಯಕ್ಕೆ ಸುರುಳಿಯೇ ಘನವಾದ ರೂಪವಾಗಿದ್ದ ಕಾಲದಲ್ಲಿ ಕ್ರೈಸ್ತರು ಸುವಾರ್ತೆಗಳನ್ನು ಕೋಡೆಕ್ಸ್‌ಗಳಲ್ಲಿ ನಕಲು ಮಾಡುತ್ತಿದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿರುವ ಯೋಹಾನನ ಸುವಾರ್ತೆಯ ಪುಟ್ಟ ಪಪೈರಸ್ ತುಣುಕಿನ ಎರಡೂ ಬದಿಗಳಲ್ಲಿ ಬರಹವಿರುವುದೇ ಅದು ಕೋಡೆಕ್ಸಿನ ಹಾಳೆಯೆಂಬುದಕ್ಕೆ ಸಾಕ್ಷಿ. 4ನೆಯ ಶತಮಾನದ ಹೊತ್ತಿಗೆ ಕೋಡೆಕ್ಸ್ ಇತರ ಸಾಹಿತ್ಯದಲ್ಲಿಯೂ ಸುರುಳಿಯನ್ನು ಹಿಂದಿಕ್ಕಿತು.

ಇದರ ಪರಿಣಾಮ ಆಳವಾದದ್ದು. ಒಂದು ಸುರುಳಿಯಲ್ಲಿ ಹಿಡಿಸದ ನಾಲ್ಕು ಸುವಾರ್ತೆಗಳು ಒಂದೇ ಸಂಪುಟದಲ್ಲಿ ಒಟ್ಟಿಗೆ ಬಂದವು. ಗ್ರೀಕ್ ಭಾಷೆಯಲ್ಲಿ ‘ಬಿಬ್ಲಿಯ’ ಎಂಬುದು ಬಹುವಚನ, ಪುಸ್ತಕಗಳು ಎಂದು ಅದರ ಅರ್ಥ. ಮಧ್ಯಯುಗದ ಲ್ಯಾಟಿನ್‌ನಲ್ಲಿ ಅದೇ ಶಬ್ದ ಏಕವಚನವಾಯಿತು. ಹಲವು ಗ್ರಂಥಗಳ ಕೂಟವು ‘ಒಂದು ಪುಸ್ತಕ’ವೆಂದು ಕಾಣಿಸಲು ಎರಡು ರಟ್ಟುಗಳ ನಡುವಣ ಹೊಲಿಗೆಯೂ ನೆರವಾಯಿತು. ಕ್ಯಾನನ್ ಎಂಬ ದೇವಶಾಸ್ತ್ರೀಯ ನಿರ್ಣಯವನ್ನು ಪುಸ್ತಕದ ಆಕಾರವೇ ಮಾಡಿತೆಂದು ಇದರ ಅರ್ಥವಲ್ಲ. ಆದರೆ ಆ ನಿರ್ಣಯವನ್ನು ವಿಶ್ವಾಸಿಗಳ ಕೈಗೆ ತಾಕುವಂತೆ ಮಾಡಿದ್ದು ಆ ಆಕಾರವೇ. ಕ್ರಿ.ಶ. 386ರಲ್ಲಿ ಮಿಲಾನಿನ ತೋಟದಲ್ಲಿ ಅಗಸ್ಟೀನನು ಅಪೊಸ್ತಲನ ಪುಸ್ತಕವನ್ನು ತೆರೆದು, ಕಣ್ಣು ಬಿದ್ದ ರೋಮಾಪುರದವರ ಪತ್ರದ ಮಾತನ್ನು ಓದಿ, ಆ ಸ್ಥಳದಲ್ಲಿ ಬೆರಳನ್ನೋ ಬೇರೊಂದು ಗುರುತನ್ನೋ ಇಟ್ಟು ಮುಚ್ಚಿದ ಸಂಗತಿ ಪ್ರಸಿದ್ಧವಾಗಿದೆ. ಹಾಗೆ ನಡುವೆ ತೆರೆಯುವುದೂ ಬೆರಳಿಟ್ಟು ಮುಚ್ಚುವುದೂ ಕೋಡೆಕ್ಸ್ ಕಲಿಸಿದ ಓದು.

ಆದರೂ ಹಳೆಯ ರೂಪಕಗಳು ಒಮ್ಮೆಲೇ ಅಳಿಯಲಿಲ್ಲ. ಪ್ರಕಟನೆಯ ಪುಸ್ತಕದಲ್ಲಿ ಆಕಾಶವು ಸುರುಳಿಯಂತೆ ಸುತ್ತಿಕೊಳ್ಳುತ್ತದೆ. ಮುದ್ರೆ ಹಾಕಿದ ಸುರುಳಿಯನ್ನು ಕುರಿಮರಿಯಾದಾತನು ತೆರೆಯುತ್ತಾನೆ. ಕೋಡೆಕ್ಸ್‌ನಲ್ಲಿ ಈ ಮಾತುಗಳನ್ನು ಓದಿದ ತಲೆಮಾರುಗಳು ಸುರುಳಿಯ ಚಿತ್ರವನ್ನು ಹಾಗೆಯೇ ಉಳಿಸಿಕೊಂಡವು. ಇಂದು ಪರದೆಯ ಮೇಲೆ ನಾವು ‘ಸ್ಕ್ರೋಲ್’ ಮಾಡುವಾಗ ಅದೇ ಸುರುಳಿ ಮರಳಿ ಬಂದಿದೆ. ಒಂದು ವ್ಯತ್ಯಾಸವುಂಟು: ಹಳೆಯ ಸುರುಳಿಯನ್ನು ಹಿಡಿದವನಿಗೆ ಎರಡು ಕೈಗಳ ಭಾರದಿಂದಲೇ ಎಷ್ಟು ಓದಾಯಿತು, ಎಷ್ಟು ಉಳಿಯಿತು ಎಂದು ತಿಳಿಯುತ್ತಿತ್ತು. ಪರದೆಯ ಸುರುಳಿಗೆ ಭಾರವಿಲ್ಲ. ಅನೇಕ ವೇಳೆ ಅಂತ್ಯವೂ ಇಲ್ಲ.

3. ಪದಾನುಕ್ರಮಣಿಕೆಯಿಂದ ಶೋಧಕ್ಕೆ

ಗಣಕದ ಪಠ್ಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವುದು ಶೋಧ. ಒಂದು ಪದವನ್ನು ಬರೆದೊಡನೆ ಅದು ಬರುವ ಎಲ್ಲ ವಚನಗಳು ಕಣ್ಣ ಮುಂದೆ ಬರುತ್ತವೆ. ಇದರ ಮೂಲವನ್ನು ಹುಡುಕುತ್ತಾ ಹೋದರೆ ನಾವು 13ನೆಯ ಶತಮಾನದ ಪ್ಯಾರಿಸ್ಸಿನ ಮಠವೊಂದಕ್ಕೆ ಬರುತ್ತೇವೆ. ಸೇಂಟ್ ಜಾಕ್ ಮಠದ ಡೊಮಿನಿಕನ್ ಸಹೋದರರು ಸೇಂಟ್ ಷೇರ್‌ನ ಹ್ಯೂ ಎಂಬವರ ಮುಂದಾಳುತನದಲ್ಲಿ ಲ್ಯಾಟಿನ್ ಬೈಬಲಿಗೆ ಪದಾನುಕ್ರಮಣಿಕೆಯನ್ನು ಸಿದ್ಧಪಡಿಸಿದರು. ಅದೇ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ನರ ಅಧ್ಯಾಯ ವಿಭಾಗ ಬಳಕೆಗೆ ಬಂದಿತ್ತು. ವಚನ ಸಂಖ್ಯೆಗಳು ಇನ್ನೂ ಇರಲಿಲ್ಲವಾದ್ದರಿಂದ ಆ ಸಹೋದರರು ಪ್ರತಿ ಅಧ್ಯಾಯವನ್ನು ಏಳು ಭಾಗ ಮಾಡಿ ಅಕ್ಷರಗಳಿಂದ ಗುರುತಿಸಿದರು. ಅವರು ಸಾರುವ ಸನ್ಯಾಸಿಗಳು. ಪ್ರಸಂಗದ ಸಿದ್ಧತೆಯ ಅಗತ್ಯದಿಂದಲೇ ಈ ಕೆಲಸ ಹುಟ್ಟಿತು.

ಅದಕ್ಕೆ ಅವರಿಟ್ಟ ಹೆಸರು ‘ಕಾಂಕಾರ್ಡಾಂಶಿಯೆ’. ಹೃದಯ ಎಂಬ ಅರ್ಥದ ಲ್ಯಾಟಿನ್ ಪದ ಅದರೊಳಗಿದೆ; ಹೃದಯಗಳು ಕೂಡಿರುವುದು, ಸಮ್ಮತಿ, ಸಾಮರಸ್ಯ ಎಂದು ಅದರ ಭಾವ. ಪದಗಳ ಪಟ್ಟಿಗೆ ಇಂಥ ಹೆಸರೇಕೆ? ಒಂದೇ ಪದ ಬರುವ ಸ್ಥಳಗಳನ್ನು ಒಟ್ಟಿಗಿಟ್ಟರೆ ಶಾಸ್ತ್ರವು ತನ್ನೊಡನೆ ತಾನು ಒಮ್ಮತದಿಂದ ಮಾತನಾಡುವುದು ಕೇಳಿಸುತ್ತದೆ ಎಂಬ ವಿಶ್ವಾಸ ಆ ಹೆಸರಿನ ಹಿಂದೆ ಇತ್ತು. ಪಟ್ಟಿಯು ಸಾಧನ, ಸಾಮರಸ್ಯವನ್ನು ಆಲಿಸುವುದು ಗುರಿ.

ಈ ಪರಂಪರೆಯೇ ಗಣಕಯಂತ್ರದ ಯುಗಕ್ಕೆ ಸೇತುವೆಯಾಯಿತು. ಇಟಲಿಯ ಯೇಸುಸಭೆಯ ಪಾದ್ರಿ ರಾಬರ್ಟೊ ಬುಸಾ (1913-2011) ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ ಥಾಮಸ್ ಅಕ್ವಿನಾಸರ ಬರಹಗಳಲ್ಲಿ ‘ಸಾನ್ನಿಧ್ಯ’ದ ಕಲ್ಪನೆಯನ್ನು ಅಧ್ಯಯನ ಮಾಡುತ್ತಿದ್ದರು. ಸಾನ್ನಿಧ್ಯ ಎಂಬ ಅರ್ಥದ ಲ್ಯಾಟಿನ್ ಪದಗಳನ್ನು ಮಾತ್ರ ಹುಡುಕಿದರೆ ಸಾಲದು. ‘ಒಳಗೆ’ ಅಥವಾ ‘ಅಲ್ಲಿ’ ಎಂದು ಅರ್ಥಕೊಡುವ ‘ಇನ್’ ಎಂಬ ಪುಟ್ಟ ಪದದಲ್ಲಿಯೇ ಆ ಸಿದ್ಧಾಂತ ಅಡಗಿದೆ ಎಂದು ಅವರಿಗೆ ತೋರಿತು. ಯಾವ ವಿಷಯಸೂಚಿಯೂ ಅಂಥ ಪದವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬುಸಾ ಕೈಯಿಂದಲೇ ಸುಮಾರು 10,000 ಚೀಟಿಗಳನ್ನು ಬರೆದರು. ಅಕ್ವಿನಾಸರ ಎಲ್ಲ ಪದಗಳಿಗೂ ಇಂಥ ಅನುಕ್ರಮಣಿಕೆ ಬೇಕೆಂಬ ಹಂಬಲದಿಂದ 1949ರಲ್ಲಿ ನ್ಯೂಯಾರ್ಕಿನಲ್ಲಿ ಐಬಿಎಂ ಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್ನರನ್ನು ಕಂಡು ನೆರವು ಪಡೆದರು. ಮಿಲಾನಿನ ಸಮೀಪದ ಗಲ್ಲಾರಾತೆಯಲ್ಲಿ ಯುವತಿಯರು ರಂಧ್ರ ಕೊರೆಯುವ ಯಂತ್ರಗಳ ಮುಂದೆ ಕುಳಿತು ಕಾರ್ಡುಗಳ ಮೇಲೆ ಪಠ್ಯವನ್ನು ದಾಖಲಿಸಿದರು. ಅವರ ಹೆಸರುಗಳು ಬಹುಕಾಲ ಚರಿತ್ರೆಯಲ್ಲಿ ಕಾಣಿಸಲಿಲ್ಲ. ಮಧ್ಯಯುಗದ ಅನೇಕ ನಕಲುಗಾರರ ಹಾಗೆ ಅವರೂ ಅನಾಮಿಕರಾಗಿಯೇ ಉಳಿದರು. ಒಂದು ಕೋಟಿಗೂ ಮೀರಿದ ಪದಗಳ ‘ಇಂಡೆಕ್ಸ್ ಥೊಮಿಸ್ಟಿಕಸ್’ 1974ರಿಂದ 1980ರವರೆಗೆ 56 ಸಂಪುಟಗಳಾಗಿ ಅಚ್ಚಾಯಿತು. ಈ ನಡುವೆ 1957ರಲ್ಲಿ ಅಮೆರಿಕದ ಪಾದ್ರಿ ಜಾನ್ ಎಲಿಸನ್ನರು ಯೂನಿವ್ಯಾಕ್ ಯಂತ್ರದ ನೆರವಿನಿಂದ ಇಂಗ್ಲಿಷ್ ಬೈಬಲಿನ ಪದಾನುಕ್ರಮಣಿಕೆಯನ್ನು ಪ್ರಕಟಿಸಿದ್ದರು. ಗಣಕಯಂತ್ರವನ್ನು ಕೇವಲ ಸಂಖ್ಯೆಗಳ ಯಂತ್ರವೆಂದು ಜಗತ್ತು ತಿಳಿದಿದ್ದಾಗ ಅದರಿಂದ ಪದಗಳ ಕೆಲಸ ಮಾಡಿಸಿದವರಲ್ಲಿ ಮೊದಲಿಗರು ಸಭೆಯ ಸೇವಕರು ಎಂಬುದು ಗಮನಾರ್ಹ.

ಬುಸಾರ ಕೆಲಸದ ಬಹುಪಾಲು ಶ್ರಮ ಯಂತ್ರದ್ದಾಗಿರಲಿಲ್ಲ. ಲ್ಯಾಟಿನ್ ಪದವೊಂದರ ವಿಭಕ್ತಿರೂಪಗಳನ್ನೆಲ್ಲ ಒಂದೇ ಮೂಲಪದದ ಕೆಳಗೆ ತರುವುದನ್ನೂ, ಒಂದೇ ರೂಪದ ಎರಡು ಅರ್ಥಗಳನ್ನು ಬೇರ್ಪಡಿಸುವುದನ್ನೂ ಅರಿವುಳ್ಳ ಮನುಷ್ಯರು ಮಾಡಬೇಕಾಯಿತು. ಗಣಕಯಂತ್ರವು ವಿದ್ವಾಂಸನ ಶ್ರಮವನ್ನು ಕಡಿಮೆ ಮಾಡುವುದಕ್ಕಿಂತ ಅಧ್ಯಯನವನ್ನು ಆಳಗೊಳಿಸಲು ಇದೆ ಎಂಬುದು ಅವರ ನಿಲುವಾಗಿತ್ತು.

ಇಂದಿನ ಶೋಧದ ಪೆಟ್ಟಿಗೆಯಲ್ಲಿ ಈ ಶ್ರಮ ಮರೆಯಾಗಿದೆ. ಸಾಮರಸ್ಯವೆಂಬ ರೂಪಕವೂ ಹೋಗಿ ಕಣಜದ ರೂಪಕ ಬಂದಿದೆ. ಶಾಸ್ತ್ರವು ವಚನಗಳನ್ನು ತುಂಬಿಟ್ಟ ಕಣಜ. ಬೇಕಾದದ್ದನ್ನು ಅಳೆದು ತೆಗೆದುಕೊಳ್ಳಬಹುದು. ಇದರ ಮಿತಿಯನ್ನು ಕನ್ನಡದಲ್ಲಿಯೇ ಪರೀಕ್ಷಿಸಬಹುದು. ಅಕ್ಷರಕ್ಕೆ ಅಕ್ಷರ ಹೊಂದಿಸುವ ಶೋಧದಲ್ಲಿ ‘ದೇವರು’ ಎಂದು ಬರೆದರೆ ‘ದೇವರನ್ನು’, ‘ದೇವರಿಗೆ’, ‘ದೇವರ’ ಎಂಬ ರೂಪಗಳು ಸಿಕ್ಕುವುದಿಲ್ಲ. ಇದು ವ್ಯಾಕರಣದ ತೊಡಕು, ಸರಿಪಡಿಸಬಹುದು. ಅರ್ಥದ ತೊಡಕು ಇನ್ನೂ ಆಳವಾದದ್ದು. ಹೀಬ್ರೂ ಎಸ್ತೇರಳ ಗ್ರಂಥದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ದುಂದುಗಾರ ಮಗನ ಸಾಮ್ಯದ ಗ್ರೀಕ್ ಮೂಲದಲ್ಲಿ ಕ್ಷಮೆ ಎಂಬ ಪದವೇ ಇಲ್ಲ. ದೂರದಲ್ಲಿರುವಾಗಲೇ ಕಂಡು ಓಡಿಹೋಗುವ ತಂದೆಯಿದ್ದಾನೆ. ಪದವನ್ನು ಹುಡುಕುವವನಿಗೆ ಈ ತಂದೆ ಸಿಕ್ಕುವುದಿಲ್ಲ. ಕ್ಷಮೆಯನ್ನು ಕುರಿತು ಪ್ರಸಂಗ ಸಿದ್ಧಪಡಿಸುವ ಸಭಾಪಾಲಕರು ಶೋಧದ ಫಲವೇ ಶಾಸ್ತ್ರದ ಸಾಕ್ಷ್ಯವೆಂದು ನಂಬಿದರೆ, ಕ್ಷಮೆಯ ಅತ್ಯಂತ ಸುಂದರವಾದ ಕಥೆ ವೇದಿಕೆಗೆ ಬಾರದೆ ಹೋಗಬಹುದು.

4. ಮೇಜು, ಪುಟ, ಕಡತ

1945ರಲ್ಲಿ ಅಮೆರಿಕದ ವಿಜ್ಞಾನಿ ವ್ಯಾನೆವರ್ ಬುಷ್ ತಮ್ಮ ಲೇಖನವೊಂದರಲ್ಲಿ ‘ಮೆಮೆಕ್ಸ್’ ಎಂಬ ಯಂತ್ರವನ್ನು ಕಲ್ಪಿಸಿದರು. ಅದು ಒಂದು ಮೇಜಿನ ರೂಪದಲ್ಲಿತ್ತು. ಓದುಗನು ಒಂದು ಬರಹದಿಂದ ಮತ್ತೊಂದಕ್ಕೆ ತನ್ನದೇ ಜಾಡುಗಳನ್ನು ಕಲ್ಪಿಸಿಕೊಳ್ಳಬಹುದಾಗಿತ್ತು. 1965ರಲ್ಲಿ ಟೆಡ್ ನೆಲ್ಸನ್ ‘ಹೈಪರ್‌ಟೆಕ್ಸ್ಟ್’ ಎಂಬ ಪದವನ್ನು ತಂದರು. 1981ರ ಜೆರಾಕ್ಸ್ ಸ್ಟಾರ್ ಯಂತ್ರವು ಪರದೆಯನ್ನು ಕಚೇರಿಯ ಮೇಜಿನಂತೆ ರೂಪಿಸಿ ಅದರ ಮೇಲೆ ಕಾಗದಗಳನ್ನೂ ಫೋಲ್ಡರುಗಳನ್ನೂ ಚಿತ್ರಿಸಿತು. 1984ರ ಮ್ಯಾಕಿಂಟಾಷ್ ಅದನ್ನು ಮನೆಮನೆಗೆ ಒಯ್ದಿತು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಮುಂದಿಟ್ಟ ಯೋಜನೆಯಿಂದ ಜಾಲ ಬೆಳೆಯಿತು; ಅದರ ಘಟಕಕ್ಕೆ ‘ಪುಟ’ ಎಂಬ ಹೆಸರು ನಿಂತಿತು. ಹೀಗೆ ಕಚೇರಿ ಮತ್ತು ಪುಸ್ತಕಾಲಯಗಳ ಶಬ್ದಗಳು ಯಂತ್ರದ ಮೇಲೆ ಬಂದು ಕುಳಿತವು.

ಪುಟವೆಂಬ ರೂಪಕ ನಮಗೆ ಧೈರ್ಯ ಕೊಟ್ಟಿತು, ಒಂದು ಸತ್ಯವನ್ನು ಮರೆಮಾಡಿತು ಕೂಡ. ಅಚ್ಚಾದ ಪುಟ ಎಲ್ಲರಿಗೂ ಒಂದೇ. ಪರದೆಯ ಪುಟ ಓದುಗನ ಉಪಕರಣಕ್ಕೆ ತಕ್ಕಂತೆ ಆ ಕ್ಷಣದಲ್ಲಿ ಕಟ್ಟಲ್ಪಡುತ್ತದೆ, ನಾಳೆ ಬೇರೆಯಾಗಬಹುದು. ಆದ್ದರಿಂದ ಪುಟಸಂಖ್ಯೆಯಿಂದ ಅಲ್ಲಿ ಏನನ್ನೂ ಗೊತ್ತುಪಡಿಸಲಾಗದು. ಸತ್ಯವೇದದ ಓದುಗರಿಗೆ ಈ ತೊಂದರೆ ತಟ್ಟಲಿಲ್ಲ. ರಾಬರ್ಟ್ ಎಸ್ಟಿಯೆನ್ 1551ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಗೆ ಕೊಟ್ಟ ವಚನ ಸಂಖ್ಯೆಗಳು ಪುಟವನ್ನು ನೆಚ್ಚಿಕೊಂಡಿರಲಿಲ್ಲ. ಯೋಹಾನ 3:16 ಎಂಬ ಗುರುತು ಕಾಗದದಲ್ಲಿಯೂ ಪರದೆಯಲ್ಲಿಯೂ ಒಂದೇ ಸ್ಥಳಕ್ಕೆ ಕರೆದೊಯ್ಯುತ್ತದೆ. ಆದರೆ ಅದೇ ಸಂಖ್ಯೆ ವಚನವನ್ನು ಅದರ ಸನ್ನಿವೇಶದಿಂದ ಕಿತ್ತು ಒಂಟಿಯಾಗಿ ಕಳುಹಿಸಲೂ ಅನುಕೂಲ ಮಾಡಿಕೊಟ್ಟಿತು. ಪ್ರತಿ ಮುಂಜಾನೆ ಫೋನುಗಳಲ್ಲಿ ಹರಿದಾಡುವ ಬಿಡಿ ವಚನಗಳು ಈ ಅನುಕೂಲದ ಮಕ್ಕಳು.

ಕಡತದ ಮಾತು ಕನ್ನಡಿಗರಿಗೆ ಹತ್ತಿರದ್ದು. ಇಂಗ್ಲಿಷಿನ ‘ಫೈಲ್’ ದಾರ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ; ಕಾಗದಗಳನ್ನು ಪೋಣಿಸಿಡುತ್ತಿದ್ದ ದಾರ ಅದು. ನಮ್ಮ ‘ಗ್ರಂಥ’ ಶಬ್ದದ ಧಾತುವಿನಲ್ಲಿಯೂ ಕಟ್ಟುವ, ಪೋಣಿಸುವ ಅರ್ಥವಿದೆ. ಫೈಲ್ ಎಂಬುದಕ್ಕೆ ಕನ್ನಡದ ಆಡಳಿತ ಭಾಷೆಯೂ ಆಮೇಲೆ ಗಣಕದ ಕನ್ನಡವೂ ‘ಕಡತ’ ಎಂಬ ಪದವನ್ನು ಎತ್ತಿಕೊಂಡವು. ಹಳೆಯ ಕಡತವೆಂದರೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಕಪ್ಪಾಗಿಸಿದ, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದ ಬಟ್ಟೆಯ ಪುಸ್ತಕ. ಶಾನುಭೋಗರೂ ವರ್ತಕರೂ ಮಠಗಳೂ ಅದರಲ್ಲಿ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರೆಯ ಆಕರಗಳಾಗಿ ಪ್ರಸಿದ್ಧವಾಗಿವೆ. ಬಳಪದ ಬರಹವನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು. ಈ ದೃಷ್ಟಿಯಿಂದ ಕನ್ನಡದ ರೂಪಕ ಇಂಗ್ಲಿಷಿನದಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿದೆ. ದಾರ ಕಟ್ಟಿದ ಕಾಗದ ನೆಲೆಯಾಗಿ ನಿಂತ ದಾಖಲೆಯ ಭಾವವನ್ನು ಕೊಡುತ್ತದೆ; ಕಡತವಾದರೋ ಒರೆಸಿಹೋಗಬಹುದಾದ ಬರಹವನ್ನು, ಅದನ್ನು ಕಾಯಬೇಕಾದ ಮನುಷ್ಯನನ್ನು ನೆನಪಿಸುತ್ತದೆ. ಸಭೆಯ ಸ್ನಾನದೀಕ್ಷೆ, ಮದುವೆ, ಮರಣಗಳ ದಾಖಲೆಗಳನ್ನು ಗಣಕಕ್ಕೆ ಏರಿಸುತ್ತಿರುವವರು ಈ ಅರ್ಥವನ್ನು ಮರೆಯಬಾರದು.

5. ಅಚ್ಚಿನ ಮೊಳೆಯೋ, ವರ್ಣಮಾಲೆಯೋ?

ರೂಪಕವು ಬರಿಯ ಮಾತಿನ ವಿಷಯವಲ್ಲ, ಯಂತ್ರದ ರಚನೆಯನ್ನೇ ಅದು ನಿರ್ಧರಿಸಬಲ್ಲುದು ಎಂಬುದಕ್ಕೆ ಕನ್ನಡ ಲಿಪಿಯ ಕಥೆ ನಿದರ್ಶನ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಮುದ್ರಣಾಲಯ ಕಲ್ಲಚ್ಚಿನದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರು ಸಮಾಚಾರ’ ಅಲ್ಲಿಂದಲೇ ಹೊರಬಂತು. ಕಲ್ಲಚ್ಚಿನಲ್ಲಿ ಕೈಬರಹದ ಇಡೀ ಪುಟವೇ ಒಂದು ಚಿತ್ರ. ಮೊಳೆಯಚ್ಚಿನಲ್ಲಿ ಪ್ರತಿ ಆಕಾರಕ್ಕೂ ಒಂದು ಲೋಹದ ತುಂಡು. ಕನ್ನಡದಲ್ಲಿ ಒತ್ತಕ್ಷರ ಮತ್ತು ಕಾಗುಣಿತಗಳಿಗೂ ಬೇರೆ ಬೇರೆ ತುಂಡುಗಳು ಬೇಕು.

ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯಲು ತೊಡಗಿದಾಗ ಹಲವು ತಂತ್ರಾಂಶಗಳು ಮೊಳೆಯ ರೂಪಕವನ್ನೇ ಅನುಸರಿಸಿದವು. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದರು. ಕಾಗದದ ಮೇಲೆ ಅದು ಚೆನ್ನಾಗಿಯೇ ಮೂಡಿಬಂತು. ಆದರೆ ಯಂತ್ರದೊಳಗೆ ಉಳಿದದ್ದು ಕನ್ನಡವಲ್ಲ, ಆಕಾರಗಳ ಸಾಲು. ಪ್ರತಿ ತಂತ್ರಾಂಶದ ಜೋಡಣೆಯೂ ಬೇರೆಯಾಗಿದ್ದುದರಿಂದ, ಒಂದು ಫಾಂಟಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಂಡಿತು.

ಭಾರತದ ಇಸ್ಕಿ ಸಂಕೇತವೂ ಅದನ್ನು ಆಧರಿಸಿ 1991ರ ಯೂನಿಕೋಡ್ ಕನ್ನಡಕ್ಕೆ ಕೊಟ್ಟ ಸ್ಥಾನವೂ ಬೇರೊಂದು ರೂಪಕವನ್ನು ಹಿಡಿದವು. ಅದು ವರ್ಣಮಾಲೆಯ ರೂಪಕ. ಅಕ್ಷರವನ್ನು ಅದರ ಆಕಾರದಿಂದಲ್ಲದೆ ಧ್ವನಿಯ ಕ್ರಮದಿಂದ ಗುರುತಿಸಿ, ಆಕಾರವನ್ನು ಬರೆಯುವ ಕೆಲಸವನ್ನು ಫಾಂಟಿಗೆ ಬಿಡಲಾಯಿತು. ‘ಕ್ರಿಸ್ತ’ ಎಂಬುದು ಓದುವ ಕಣ್ಣಿಗೆ ಎರಡು ಅಕ್ಷರ. ಯಂತ್ರದೊಳಗೆ ಏಳು ಸಂಕೇತಗಳು: ಕಕಾರ, ವಿರಾಮಚಿಹ್ನೆ, ರಕಾರ, ಇಕಾರದ ಗುಣಿತ, ಸಕಾರ, ಮತ್ತೆ ವಿರಾಮಚಿಹ್ನೆ, ತಕಾರ. ಉಚ್ಚರಿಸುವ ಕ್ರಮವೇ ಉಳಿಸುವ ಕ್ರಮ. ಇದರಿಂದ ಪಠ್ಯವು ಯಾವ ಯಂತ್ರದಲ್ಲಿಯೂ ಕನ್ನಡವಾಗಿಯೇ ಉಳಿಯುತ್ತದೆ, ಹುಡುಕಲು ದೊರಕುತ್ತದೆ. ಅಕ್ಷರವೆಂದರೆ ಅಳಿಯದ್ದು ಎಂದು ನಮ್ಮ ಹಿರಿಯರು ಹೇಳಿದರು. ಹಳೆಯ ಫಾಂಟುಗಳಲ್ಲಿ ಬರೆದ ಪ್ರಸಂಗಗಳು, ಕೀರ್ತನೆಗಳು, ಸಭಾಚರಿತ್ರೆಗಳು ಯೂನಿಕೋಡಿಗೆ ಬಾರದೆ ಉಳಿದರೆ ಅವು ಒಂದೇ ತಲೆಮಾರಿನಲ್ಲಿ ಕ್ಷರವಾದಾವು. ಅವನ್ನು ಪರಿವರ್ತಿಸಿ ಕಾಪಾಡುವುದು ಸಭೆಯ ತುರ್ತು ಕರ್ತವ್ಯಗಳಲ್ಲಿ ಒಂದು.

6. ನೆನಪು ಮತ್ತು ಮೋಡ

ಯಂತ್ರದ ಸಂಗ್ರಹಭಾಗವನ್ನು ‘ಮೆಮೊರಿ’ ಎಂದು ಕರೆಯುವ ರೂಢಿಯನ್ನು 1945ರಲ್ಲಿ ಜಾನ್ ಫಾನ್ ನಾಯ್‌ಮನ್ನರು ಬರೆದ ವರದಿ ಬಲಪಡಿಸಿತು. ಅವರು ಯಂತ್ರದ ಭಾಗಗಳನ್ನು ಮನುಷ್ಯನ ನರಮಂಡಲಕ್ಕೆ ಹೋಲಿಸಿದ್ದರು. ಕ್ರೈಸ್ತರಿಗೆ ನೆನಪು ಸಂಗ್ರಹವಷ್ಟೇ ಆಗಲಾರದು. ಅಗಸ್ಟೀನನು ‘ಅರಿಕೆಗಳು’ ಕೃತಿಯ ಹತ್ತನೆಯ ಭಾಗದಲ್ಲಿ ನೆನಪನ್ನು ವಿಶಾಲವಾದ ಅರಮನೆಗೆ ಹೋಲಿಸಿ, ಅಲ್ಲಿ ತನ್ನನ್ನೂ ತನ್ನ ದೇವರನ್ನೂ ಹುಡುಕುತ್ತಾನೆ. ಕರ್ತನ ಭೋಜನದಲ್ಲಿ ನೆನಪು ಮಾಡಿಕೊಳ್ಳುವುದು ರೊಟ್ಟಿಯನ್ನು ಮುರಿಯುವ ಕ್ರಿಯೆ. ಒಂದು ಸಮುದಾಯ ಕೂಡಿಬಂದು ಮಾಡುವ ಕ್ರಿಯೆ. ಉಳಿಸಿಟ್ಟದ್ದೆಲ್ಲ ನೆನಪಲ್ಲ. ಫೋನಿನಲ್ಲಿ ಕೀರ್ತನೆ ಇರುವುದು ಬೇರೆ, ರೋಗಿಯ ಹಾಸಿಗೆಯ ಬಳಿ ಅದು ಬಾಯಿಗೆ ಬರುವುದು ಬೇರೆ.

ಮೋಡದ ರೂಪಕವು ಜಾಲದ ನಕ್ಷೆಗಳಿಂದ ಬಂತು. ವಿವರ ಬೇಡವಾದ ಕಡೆ ಎಂಜಿನಿಯರುಗಳು ಮೋಡದ ಚಿತ್ರವನ್ನು ಬರೆಯುತ್ತಿದ್ದರು. ಅರಣ್ಯದಲ್ಲಿ ಇಸ್ರಾಯೇಲ್ಯರನ್ನು ನಡೆಸಿದ ಮೇಘವೂ ರೂಪಾಂತರದ ಬೆಟ್ಟದ ಮೇಘವೂ ಮರೆಮಾಡುತ್ತಲೇ ಸಾನ್ನಿಧ್ಯವನ್ನು ತೋರಿದವು. ಯಂತ್ರದ ಮೋಡ ಮರೆಮಾಡುವುದು ಯಾರದೋ ಕಟ್ಟಡದಲ್ಲಿರುವ ಯಂತ್ರಗಳನ್ನು ಮತ್ತು ಯಾರೋ ಬರೆದ ಕರಾರನ್ನು. 2009ರಲ್ಲಿ ಅಮೆಜಾನ್ ಸಂಸ್ಥೆ ಹಕ್ಕಿನ ತೊಡಕೊಂದರಿಂದ ಜಾರ್ಜ್ ಆರ್ವೆಲ್ಲರ ಎರಡು ಪುಸ್ತಕಗಳನ್ನು, ಹಣಕೊಟ್ಟು ಪಡೆದಿದ್ದ ಓದುಗರ ಉಪಕರಣಗಳಿಂದ ದೂರದಿಂದಲೇ ಅಳಿಸಿತು. ‘ಪುಸ್ತಕ ಕೊಂಡೆ’ ಎಂಬ ಮಾತು ರೂಪಕವಾಗಿತ್ತೆಂದು ಆಗ ಅವರಿಗೆ ತಿಳಿಯಿತು.

ಇದೇ ತಂತ್ರಜ್ಞಾನದ ಇನ್ನೊಂದು ಮುಖವನ್ನೂ ಹೇಳಬೇಕು. 4ನೆಯ ಶತಮಾನದ ಕೋಡೆಕ್ಸ್ ಸಿನಾಯ್ಟಿಕಸ್‌ನ ಹಾಳೆಗಳು ಲಂಡನ್, ಲೈಪ್‌ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸಿನಾಯಿಯ ಸಂತ ಕ್ಯಾಥರೀನ್ ಮಠಗಳಲ್ಲಿ ಹಂಚಿಹೋಗಿವೆ. ಅದೇ 2009ರಲ್ಲಿ ಆ ನಾಲ್ಕೂ ಸಂಸ್ಥೆಗಳು ಕೂಡಿ ಹಾಳೆಗಳನ್ನು ಜಾಲದಲ್ಲಿ ಒಂದಾಗಿ ತೆರೆದಿಟ್ಟವು. ಮನುಷ್ಯರು ಅಗಲಿಸಿದ ಪುಸ್ತಕವನ್ನು ಅಂಕೆಗಳು ಕೂಡಿಸಿದವು.

ಯೆರೆಮೀಯನ 36ನೆಯ ಅಧ್ಯಾಯ ಈ ಎರಡು ಘಟನೆಗಳ ನಡುವೆ ನಿಂತು ನಮಗೆ ಕಲಿಸುತ್ತದೆ. ಅರಸನಾದ ಯೆಹೋಯಾಕೀಮನು ಸುರುಳಿಯನ್ನು ಲೇಖಕನ ಚೂರಿಯಿಂದ ಕೊಯ್ದು ಕೆಂಡದಲ್ಲಿ ಹಾಕಿದನು. ಪ್ರವಾದಿ ಮತ್ತೆ ಹೇಳಿದನು, ಬಾರೂಕನು ಮತ್ತೆ ಬರೆದನು. ಇನ್ನೂ ಅನೇಕ ಮಾತುಗಳು ಸೇರಿದವು. ವಾಕ್ಯವು ಸುರುಳಿಗಿಂತ ದೊಡ್ಡದು. ಆದರೂ ಅದು ಉಳಿದದ್ದು ಹೇಳುವ ಒಬ್ಬನೂ ಬರೆಯುವ ಒಬ್ಬನೂ ನಿಷ್ಠೆಯಿಂದ ಇದ್ದುದರಿಂದ.

7. ಉಪಸಂಹಾರ

ಗಣಕದ ಪಠ್ಯಕ್ಕೆ ಒಂದು ಸರಿಯಾದ ರೂಪಕವನ್ನು ಕಂಡುಹಿಡಿದು ಉಳಿದವನ್ನು ಬಿಡುವುದು ಸಾಧ್ಯವಿಲ್ಲ. ದೇವರನ್ನು ಬಂಡೆ, ಕುರುಬ, ತಂದೆ ಎಂದು ಹಲವು ವಿಧದಲ್ಲಿ ಕರೆಯುವ ಶಾಸ್ತ್ರವು ಒಂದೇ ರೂಪಕಕ್ಕೆ ಕಟ್ಟುಬೀಳಬಾರದೆಂದು ನಮ್ಮನ್ನು ಆಗಲೇ ತರಬೇತುಗೊಳಿಸಿದೆ. ಸುರುಳಿ ಇಡೀ ಗ್ರಂಥದ ಪರಿಚಯವನ್ನು ಬೇಡುತ್ತದೆ. ಕೋಡೆಕ್ಸ್ ಶಾಸ್ತ್ರದ ಏಕತೆಯನ್ನು ತೋರುತ್ತದೆ. ಪದಾನುಕ್ರಮಣಿಕೆ ಸಾಮರಸ್ಯವನ್ನು ಆಲಿಸುತ್ತದೆ. ಕಡತ ಕಾವಲನ್ನು ಕೇಳುತ್ತದೆ. ಪ್ರತಿಯೊಂದು ಹೆಸರು ಇನ್ನೊಂದು ಮರೆಮಾಡಿದ್ದನ್ನು ಹೊರಗೆ ತರುತ್ತದೆ.

ಇವುಗಳ ಜೊತೆಗೆ ಕನ್ನಡ ಸಭೆಗೆ ತನ್ನದೇ ಆದ ಒಂದು ಹೆಸರಿದೆ. ‘ಬೈಬಲ್’ ಎಂಬ ಶಬ್ದದ ಬೇರು ಪಪೈರಸ್ಸಿನಲ್ಲಿದೆ. ಅದು ಬರೆದ ವಸ್ತುವಿನಿಂದ ಬಂದ ಹೆಸರು. ನಾವು ಅದನ್ನು ‘ಸತ್ಯವೇದ’ ಎಂದೆವು. ವೇದವೆಂದರೆ ಅರಿವು, ಈ ನಾಡಿನ ಪರಂಪರ್ಯದಲ್ಲಿ ಅದು ಬಾಯಿಂದ ಕಿವಿಗೆ ಬಂದದ್ದು. ‘ಪಠ್ಯ’ ಎಂಬ ಪದಕ್ಕೂ ಉಚ್ಚರಿಸಿ ಓದತಕ್ಕದ್ದು ಎಂದೇ ಅರ್ಥ. ನಂಬಿಕೆಯು ಕೇಳುವುದರಿಂದ ಬರುತ್ತದೆ ಎಂಬ ಪೌಲನ ಬೋಧನೆಗೆ (ರೋಮಾ. 10:17) ಈ ಹೆಸರುಗಳು ಚೆನ್ನಾಗಿ ಹೊಂದುತ್ತವೆ. ಕಾಗದದಿಂದ ಓದಿದರೂ ಪರದೆಯಿಂದ ಓದಿದರೂ ಸಭೆಯ ಮುಂದೆ ಒಬ್ಬರು ಎದ್ದು ನಿಂತು ಧ್ವನಿ ಕೊಟ್ಟಾಗಲೇ ಅದು ಪಠ್ಯವಾಗುತ್ತದೆ.

ಆದುದರಿಂದ ಸೆಮಿನರಿಯ ವಿದ್ಯಾರ್ಥಿಗಳಿಗೆ ಕೊಡಬಹುದಾದ ಸಲಹೆ ಸರಳವಾದದ್ದು. ಶೋಧವನ್ನು ಧಾರಾಳವಾಗಿ ಬಳಸಿರಿ, ಆದರೆ ಸಿಕ್ಕಿದ ವಚನದಿಂದ ಅಧ್ಯಾಯಕ್ಕೂ ಅಧ್ಯಾಯದಿಂದ ಗ್ರಂಥಕ್ಕೂ ಹೋಗಿ ಓದಿರಿ. ಪ್ರಸಂಗದ ಭಾಗವನ್ನು ಸಿದ್ಧತೆಯ ಕೊಠಡಿಯಲ್ಲಿಯೇ ಒಮ್ಮೆ ಗಟ್ಟಿಯಾಗಿ ಓದಿರಿ. ಸಭೆಯ ಬರಹಗಳನ್ನು ಯೂನಿಕೋಡಿನಲ್ಲಿ ಉಳಿಸಿ, ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ, ಕಾಗದದಲ್ಲಿಯೂ ಇಡಿರಿ. ಕೆಲವು ಕೀರ್ತನೆಗಳನ್ನಾದರೂ ಕಂಠಸ್ಥ ಮಾಡಿರಿ. ಯೆಹೆಜ್ಕೇಲನಿಗೆ ಸುರುಳಿಯನ್ನು ಕೊಟ್ಟಾತನು ಅದನ್ನು ಎತ್ತಿಡುವಂತೆ ಹೇಳಲಿಲ್ಲ, ತಿನ್ನುವಂತೆ ಹೇಳಿದನು (ಯೆಹೆಜ್ಕೇಲ 3:1-3).